ಸುಡದೆ ಉಳಿದ ಬಂಡಿ

ಗಾಲಿಮೇಲಿನ ಮನೆಯಂಥ ಆ ಹಳೇ ಕ್ಯಾರವಾನಿನ ಮೈಮೇಲಿನ ತಗಡನ್ನೆಲ್ಲ ಕಳಚಿ ಗುಜರಿಗೆ ಹಾಕುವ ತನಕ ಲಿಯಾಂಡರ್ ಹೆಂಡತಿಯನ್ನು ಮಗಳ ಹತ್ತಿರ ಕಳಿಸಿಬಿಟ್ಟಿದ್ದ. ಅವಳು ನೋಡಿದ್ದರೆ ಒಂದೇ ಏಟಿಗೆ ಗುರುತು ಹಿಡಿಯುತ್ತಿದ್ದಳು. ಅದು ಅವಳ ಅವ್ವ ಕಣ್ಣು ಮುಚ್ಚಿದ ಕ್ಯಾರವಾನು.

ಇಪ್ಪತ್ತೆರಡು ವರ್ಷದ ಹಿಂದೆ ಅದು ಬೂದಿಯಾಗಿರಬೇಕಿತ್ತು. ಇವರಂಥ ಅಲೆಮಾರಿ ಜಿಪ್ಸಿಗಳು ಸತ್ತವರ ಮನೆಯನ್ನು ಉಳಿಸಿಕೊಳ್ಳುವವರಲ್ಲ. ಬಂಡಿ, ಹಾಸಿಗೆ, ಬಟ್ಟೆ ಎಲ್ಲ ಸುಡಬೇಕು, ಪಿಂಗಾಣಿ ಒಡೆದು ಹೂಳಬೇಕು, ಹೋದವರ ಹೆಸರನ್ನು ಮತ್ತೆ ನಾಲಗೆ ಮೇಲೆ ತರಬಾರದು. ಹಾಗೆ ಮಾಡದಿದ್ದರೆ ಅವರು ಹೋಗುವುದಿಲ್ಲ, ಇಲ್ಲೇ ಸುತ್ತುತ್ತಾರೆ. ಸುಡುವ ಕೆಲಸ ಅಳಿಯನಾದ ಲಿಯಾಂಡರ್ ಪಾಲಿಗೆ ಬಂದಿತ್ತು. ಆಗ ಅವನ ಲಾರಿ ಕೆಟ್ಟು ಕೂತಿತ್ತು, ಮಕ್ಕಳಿನ್ನೂ ಚಿಕ್ಕವು.

"ಇಷ್ಟು ಗಟ್ಟಿ ಕ್ಯಾರವಾನ್ ಸುಡ್ತೀಯೇನೋ, ತಲೆ ಕೆಟ್ಟೋನೇ! ನಂಗೆ ಕೊಡು. ಬದಲಿಗೆ ನನ್ನ ಲಾರಿ ತಗೊಂಡ್ಹೋಗು" ಎಂದಿದ್ದ ರೈತ ಪ್ರಿಚರ್ಡ್.

ಲಿಯಾಂಡರ್ ಒಪ್ಪಿದ; ಅತ್ತೆಯ ಹಾಸಿಗೆ ಬಟ್ಟೆಯ ಜೊತೆಗೆ ಪ್ರಿಚರ್ಡನ ಮುರುಕಲು ಕೋಳಿಗೂಡನ್ನು ಒಟ್ಟಿ ಬೆಂಕಿ ಹಚ್ಚಿದ. ಗುಡ್ಡದ ಈಚೆ ನಿಂತು ಹೊಗೆ ನೋಡಿದ ಅವನ ಹೆಂಡತಿ ಟ್ರೆನಿಟ್, "ಸದ್ಯ, ಅವ್ವ ಹೋದಳು" ಎಂದು ಅತ್ತು ಹಗುರಾದಳು. ಆಮೇಲೆ ಅವನು ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ.

ಈಗ ಕಾಲ ಬೇರೆ. ವಸಂತದ ನೆರೆಯಲ್ಲಿ ಇವರು ಇದ್ದ ಕ್ಯಾರವಾನು ಕೊಚ್ಚಿಹೋಗಿ, ರಸ್ತೆ ಬದಿ ಟೆಂಟಿನಲ್ಲಿ ಆರು ತಿಂಗಳು ಕಳೆದಿತ್ತು. ಕಣ್ಣು ಮಂಜಾಯಿತೆಂದು ಡಾಕ್ಟರು ಅವನ ಲೈಸೆನ್ಸ್ ಕಿತ್ತುಕೊಳ್ಳುವ ಹಾಗೆ ಬರೆದುಕೊಟ್ಟಿದ್ದರು. ಶುಕ್ರವಾರದೊಳಗೆ ಜಾಗ ಖಾಲಿ ಮಾಡಿ ಎಂದು ಕೌನ್ಸಿಲ್ಲಿನ ಚೀಟಿ ಬೇರೆ. ಟ್ರೆನಿಟ್‌ಳ ಎದೆ ಮೊದಲೇ ನೆಟ್ಟಗಿರಲಿಲ್ಲ. ಇನ್ನೊಂದು ಚಳಿಗಾಲವನ್ನು ಟೆಂಟಿನ ಬಟ್ಟೆಯ ಕೆಳಗೆ ಕಳೆದರೆ ಅವಳು ಉಳಿಯುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಪ್ರಿಚರ್ಡನ ಕೊಟ್ಟಿಗೆಯಲ್ಲಿ ಆ ಕ್ಯಾರವಾನು ಕುರಿಹುಲ್ಲು ತುಂಬಿಕೊಂಡು ನಿಂತಿತ್ತು. ಎಳೆಯಲು ಲಾರಿ ಇಲ್ಲ, ಆದರೆ ಹೆಣ್ಣುಕುದುರೆ ಡಾಲಿ ಇತ್ತು.

ಅದನ್ನು ಕೇಳಿ ತಂದು, ಕೆಳಗಿನ ಕಬ್ಬಿಣದ ಚೌಕಟ್ಟು, ಹಲಗೆಯ ನೆಲ, ಇಷ್ಟೇ ಉಳಿಸಿದ. ಮುಂದೆ ತಿರುಗುವ ಗಾಲಿ ಕೂಡಿಸಿ ಕುದುರೆ ಹೂಡಲು ಮೂಕಿಮರ ಕಟ್ಟಿದ. ಆಶ್ ಮರದ ಪಟ್ಟಿಗಳನ್ನು ಆವಿಯಲ್ಲಿ ಬೇಯಿಸಿ, ಬಿಲ್ಲಿನಂತೆ ಬಗ್ಗಿಸಿ, ಮೇಲೆ ಹಸಿರು ಕ್ಯಾನ್ವಾಸು ಎಳೆದ. ಒಲೆಯನ್ನೂ ಬೇರೆಯದೇ ತಂದ. ಹಳೆಯದು ಏನು ಉಳಿದಿದೆ ಇದರಲ್ಲಿ ಎಂದು ತನಗೆ ತಾನೇ ನೂರು ಸಲ ಹೇಳಿಕೊಂಡ.

ಬುಧವಾರ ಟ್ರೆನಿಟ್ ಬಂದಳು. ಸುತ್ತ ಒಂದು ಸುತ್ತು ಹಾಕಿದಳು.

"ಪರವಾಗಿಲ್ವಲ್ಲಯ್ಯಾ ಕುರುಡಪ್ಪ! ಗಾಲಿ ನಾಲ್ಕೂ ಒಂದೇ ಕಡೆ ಹಾಕಿರ್ತೀಯ ಅಂದ್ಕೊಂಡಿದ್ದೆ."

"ಬಾಯಿ ಮುಚ್ಕೊಂಡು ಒಳಗೆ ಹತ್ತೇ. ಒಲೆ ಹಚ್ಚಿದೀನಿ."

ಅವಳು ನಕ್ಕಳು, ಕೆಮ್ಮಿದಳು, ಹತ್ತಿದಳು. ಲಿಯಾಂಡರ್ ಹೊರಗೆ ನಿಂತು ಅವಳು ನೆಲ ಗುಡಿಸುವ ಸದ್ದು ಕೇಳುತ್ತಿದ್ದ. ಸದ್ದು ನಿಂತಿತು. ಬಹಳ ಹೊತ್ತು ನಿಂತೇ ಇತ್ತು.

ಇಣುಕಿದರೆ ಅವಳು ಮಂಚದ ಕೆಳಗೆ ಮಂಡಿಯೂರಿ ಕೂತಿದ್ದಾಳೆ. ನೆಲದೊಳಗೆ ಒಂದು ಗುಪ್ತ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಕಬ್ಬಿಣದ ಕೀಲು ಇಲ್ಲ, ಕುದುರೆ ಸಜ್ಜಿನ ಚರ್ಮದ ಪಟ್ಟಿ ಹೊಲಿದಿದೆ. ಅವನ ಮಂಜುಗಣ್ಣಿಗೆ ಅದು ಬಿದ್ದಿರಲೇ ಇಲ್ಲ.

"ಮೂರು ಹೊಲಿಗೆಗೊಂದು ಜೋಡಿ ಹೊಲಿಗೆ" ಎಂದಳು ಟ್ರೆನಿಟ್. "ನಮ್ಮಪ್ಪ ಹೊಲಿದದ್ದು. ಮೇಣದ ದಾರ ಹಿಡ್ಕೊಂಡು ಕೂತಿದ್ದೋಳು ನಾನು."

ಅವನು ಕಣ್ಣು ಕಿರಿದು ಮಾಡಿ ಆ ಪಟ್ಟಿಯನ್ನು ನೋಡಿದ.

"ಅವತ್ತು ಏನು ಸುಟ್ಟೆ?" ಎಂದಳು.

"ಹಾಸಿಗೆ... ಬಟ್ಟೆ."

"ಅಷ್ಟೊಂದು ಹೊಗೆ ಬಂತು."

"ಕೋಳಿಗೂಡು ಕಣೇ. ಇದು ಇಷ್ಟು ವರ್ಷ ಪ್ರಿಚರ್ಡನ ಕೊಟ್ಟಿಗೇಲಿ ಕುರಿಹುಲ್ಲು ತುಂಬ್ಕೊಂಡು ನಿಂತಿತ್ತು."

ಬೈಯುತ್ತಾಳೆ, ಪೊರಕೆ ಎಸೆಯುತ್ತಾಳೆ ಎಂದುಕೊಂಡ. ಅವಳು ಮುಚ್ಚಳವನ್ನು ಮೆಲ್ಲಗೆ ಹಾಕಿ, ಹಿಮ್ಮುಖವಾಗಿ ಕೆಳಗಿಳಿದಳು.

"ಅವ್ವ ಕನಸಲ್ಲಿ ಬಂದು ಬಾಗಿಲು ತಟ್ಟೋಳು. ಎಷ್ಟು ಸಲ! 'ಹೋಗವ್ವ, ಇಲ್ಲಿ ನಿಂಗೇನೂ ಉಳಿದಿಲ್ಲ' ಅಂತ ಗದರಿಸಿ ಕಳಿಸ್ತಿದ್ದೆ. ಪಾಪ, ಅವಳು ಕುರಿಹುಲ್ಲಲ್ಲಿ ಮಲಗಿರೋಳು."

"ಈಗ್ಲೇ ಹಚ್ತೀನಿ. ಸೀಮೆಎಣ್ಣೆ ಇದೆ" ಎಂದು ಲಿಯಾಂಡರ್ ತಡವರಿಸುತ್ತ ಡಬ್ಬಿಗೆ ಕೈ ಹಾಕಿದ. ಚಳಿಗಾಲ ಪೂರ್ತಿ ಅವನ ಕಣ್ಣ ಮುಂದೆ ಬಂದು ನಿಂತಿತ್ತು.

"ಮುಟ್ಟಬೇಡ! ಅವತ್ತೇ ಸುಟ್ಟಿದ್ರೆ ದಾರಿ ಹಿಡ್ಕೊಂಡು ಹೋಗ್ತಿದ್ಲು. ಇಪ್ಪತ್ತೆರಡು ವರ್ಷ ಇದರಲ್ಲೇ ಬೇರು ಬಿಟ್ಟವ್ಳೆ. ಈಗ ಅವಳು ಒಳಗಿರುವಾಗ ಬೆಂಕಿ ಇಡ್ತೀಯಾ? ನಂಗೆ ಆಗಲ್ಲ."

"ಹಂಗಾದ್ರೆ ನಾವು?"

"ಅದು ಅವಳ ಮನೆ. ಬೇಕಿದ್ರೆ ನೀನು ಮಲಕ್ಕೋ. ನಾನು ಕಾಲಿಡಲ್ಲ."

ಎರಡು ರಾತ್ರಿ ಒಲೆ ಸುಮ್ಮನೆ ಉರಿಯಿತು. ಅವನೂ ಒಳಗೆ ಮಲಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೌನ್ಸಿಲ್ಲಿನವರು ಬಂದು ನಿಂತರು. ಲಿಯಾಂಡರ್ ಡಾಲಿಯನ್ನು ಹೂಡಿ, ಕೈ ಚಾಚಿದ.

"ಹತ್ತೇ ಮಾರಾಯ್ತಿ, ಮಳೆ ಬರ್ತಿದೆ. ನಿನ್ನ ಕಾಲಿಗೆ ಬೀಳ್ತೀನಿ. ಇದನ್ನ ಮಾಡಿದ್ದೇ ನಿಂಗೋಸ್ಕರ."

"ಗೊತ್ತು ಕಣಯ್ಯಾ. ಅದಕ್ಕೇ ಬಿಟ್ಟು ಹೋಗದೆ ಹಿಂದೆ ಬರ್ತಿದೀನಿ" ಎಂದು ಅವಳು ಶಾಲನ್ನು ತಲೆಗೆ ಸುತ್ತಿದಳು.

ಮೊದಲ ಮೈಲಿ ಅವನು ಮೇಲೆ ಕೂತೇ ಹೊಡೆದ. ಗಾಲಿಯ ಸದ್ದಿನ ನಡುವೆ ಹಿಂದಿನಿಂದ ಕೆಮ್ಮು ಕೇಳುತ್ತಿತ್ತು. ಎರಡನೇ ಮೈಲಿಗೆ ಕೂತಿರಲಾಗದೆ ಇಳಿದು, ಲಗಾಮು ಹಿಡಿದು ಕುದುರೆಯ ತಲೆಯ ಪಕ್ಕ ನಡೆದ. ಬಂಡಿ ನಡುವೆ, ಅವನು ಮುಂದೆ, ಅವಳು ಹಿಂದೆ.

ಏರಿನಲ್ಲಿ ಒಂದು ಕಾರು ನಿಧಾನಿಸಿತು. ಹುಡುಗಿಯೊಬ್ಬಳು ಗಾಜಿಳಿಸಿ ಫೋಟೋ ತೆಗೆದಳು.

"ಅಬ್ಬ, ಎಷ್ಟು ಚೆನ್ನಾಗಿದೆ! ಯಾಕಜ್ಜಿ ಮಳೇಲಿ ನೆನೀತಿದೀರಾ? ಒಳಗೆ ಬೆಚ್ಚಗೆ ಕೂತ್ಕೋಬಾರ್ದಾ?"

"ನಮ್ಮವ್ವ ಮಲಗಿದಾಳೆ ಕಣಮ್ಮ" ಎಂದಳು ಟ್ರೆನಿಟ್. "ಹಾರನ್ ಹೊಡೀಬೇಡ."