ಬಸ್ ಸ್ಟ್ಯಾಂಡಿನಲ್ಲಿ ಇಲ್ಲದವನು

"ಅಲ್ಲೇ ಬಾಗ್ಲತ್ರ ಕೂತ್ಕೋ. ಬೆಳಕು ಚೆನ್ನಾಗಿ ಬತ್ತದೆ," ಎಂದು ನಾಗಕ್ಕ ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿ, ಕಪಾಟಿನಲ್ಲಿ ದೇವರ ಪಟದ ಪಕ್ಕ ಇಟ್ಟಿದ್ದ ಪತ್ರಿಕೆಯನ್ನು ತಂದು ರೇಖಾಳ ಮಡಿಲಿಗಿಟ್ಟಳು. ರೇಖಾಳ ಕಥೆ ಅಚ್ಚಾಗಿದ್ದ ಕಳೆದ ವರ್ಷದ ದೀಪಾವಳಿ ಸಂಚಿಕೆ. ಹೊಲಿಗೆಯ ಧೂಳು ಕೂರದಿರಲೆಂದು ಅದಕ್ಕೊಂದು ಪ್ಲಾಸ್ಟಿಕ್ ಕವರು ಬೇರೆ ಹಾಕಿದ್ದಳು. "ವರ್ಷ ಆಯ್ತು ಇದು ಬಂದು. ನಿನ್ನ ಫೋಟೋ ನೋಡಿದ್ದೇ ನೋಡಿದ್ದು. ಒಳಗೇನೈತೆ ಅಂತ ಇವತ್ತಾದ್ರೂ ಓದೇಳು."

ರೇಖಾ ಅದನ್ನು ತೆರೆಯಲಿಲ್ಲ. ಆಂಧ್ರದ ಈ ರಾಯದುರ್ಗದಲ್ಲಿ ಕನ್ನಡ ಕಥೆ ಕೇಳುವವರು ಒಬ್ಬರೂ ಇಲ್ಲ ಎಂದು ಫೇಸ್‌ಬುಕ್ಕಿನಲ್ಲಿ ಅದೆಷ್ಟು ಸಲ ಗೋಳಾಡಿದ್ದಳೋ. ಈಗ ಒಬ್ಬರು ಎದುರಿಗೇ ಕೂತು ಓದು ಅನ್ನುತ್ತಿದ್ದಾರೆ, ಇವಳಿಗೆ ಎದ್ದು ಓಡಿಹೋಗಬೇಕು ಅನ್ನಿಸುತ್ತಿದೆ.

"ಇವತ್ತು ಬ್ಯಾಡ್ರಿ ಅಕ್ಕ. ತಲಿ ನೋಯಾಕತ್ತೈತಿ. ನಾಳೆ ಬರ್ತೀನಿ."

"ನಾಳೆ ನಾಳೆ ಅಂತ್ಲೇ ವರ್ಷ ತಳ್ಳಿದೀಯ. ಮಂಗ್ಳಾ, ಟೀ ಇಡು."

ಸೊಸೆ ಮಂಗಳಾ ತಲೆ ತಗ್ಗಿಸಿಕೊಂಡೇ ಒಲೆಯ ಕಡೆ ಹೋದಳು. ಬೇಸಿಗೆಯಲ್ಲಿ ಮದುವೆಯಾಗಿ ಮೊಳಕಾಲ್ಮೂರಿನಿಂದ ಬಂದ ಹುಡುಗಿ. ರೇಖಾಳನ್ನು ಕರೆಯಲು ಬಂದವಳೂ ಅವಳೇ. "ಅತ್ತಿ ಕರಿಯಾಕತ್ತಾರ, ಬರಬೇಕಂತ್ರಿ" ಎಂದಷ್ಟೇ ಹೇಳಿ ದಾರಿಯುದ್ದಕ್ಕೂ ಸುಮ್ಮನಿದ್ದಳು. ಒಳಕೋಣೆಯಲ್ಲಿ ಟಿ.ವಿ. ತೆಲುಗು ವಾರ್ತೆ ಹೇಳುತ್ತಿತ್ತು. ನಾಗಕ್ಕನ ಗಂಡ ಎರ್ರಿಸ್ವಾಮಿ ಅದರ ಮುಂದೆ ಕೂತಿದ್ದ. ಜೀನ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಸ್ತ್ರಿ ಅವನು. ರೇಖಾಳನ್ನು ಕಂಡರೆ "ಏನ್ರಿ ರೈಟರಮ್ಮ" ಎಂದು ಕಿಚಾಯಿಸದೆ ಬಿಟ್ಟವನಲ್ಲ. ಇವತ್ತು ಅವಳು ಒಳಗೆ ಬಂದಾಗ ಕತ್ತು ಸಹ ತಿರುಗಿಸಲಿಲ್ಲ.

ರೇಖಾ, ನಾಗಕ್ಕ ಇಬ್ಬರ ಮನೆಯೂ ಇದ್ದ ಆ ಓಣಿಯಲ್ಲಿ ಕನ್ನಡ ಮಾತಾಡದವರಿಲ್ಲ, ಆದರೆ ಓದಬಲ್ಲವರಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎಂದು ಎಲ್ಲರೂ ಬೆಳೆದವರು. ರೇಖಾಳ ಅಪ್ಪ ಮರುಳಸಿದ್ದಪ್ಪನೊಬ್ಬ ಹಟ ಹಿಡಿದು ಮಗಳನ್ನು ಊರಾಚೆಯ ಕನ್ನಡ ಶಾಲೆಗೆ ಸೇರಿಸಿದ್ದ. ಬೆಂಚಿಗಿಂತ ಮಕ್ಕಳು ಕಡಿಮೆಯಿದ್ದ ಶಾಲೆ. ಮೇಷ್ಟ್ರು ಪುಸ್ತಕದ ಬೀರುವಿನ ಬೀಗದ ಕೈಯನ್ನು ಅವಳಿಗೇ ಕೊಟ್ಟುಬಿಟ್ಟಿದ್ದರು. ಅಲ್ಲಿ ಹಿಡಿದ ಕಥೆಯ ಹುಚ್ಚು ಡಿಗ್ರಿ ಮುಗಿದರೂ, ಖಾಸಗಿ ಶಾಲೆಯೊಂದರ ಆಫೀಸಿನಲ್ಲಿ ಟೈಪು ಮಾಡುವ ಕೆಲಸ ಸಿಕ್ಕಿದರೂ ಬಿಡಲಿಲ್ಲ. ಮೊದಮೊದಲು ಹೊಳೆಯ ದಂಡೆ, ದೋಣಿ, ತೋಟದ ಮನೆ ಅಂತೆಲ್ಲ ಬರೆದಳು. ಕಂಡದ್ದೇ ಇಲ್ಲ ಅವನ್ನು. ಇ-ಮೇಲಿನಲ್ಲಿ ಕಳಿಸಿದ ಕಥೆಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಕೊನೆಗೊಬ್ಬ ಸಂಪಾದಕರು ಎರಡೇ ಸಾಲು ಬರೆದರು: ಇವು ನಿಮ್ಮ ಕಥೆಗಳಲ್ಲ. ನಿಮ್ಮ ಊರಿನದು ಏನಾದರೂ ಇದ್ದರೆ ಕಳಿಸಿ.

ಅದೇ ಸುಮಾರಿಗೆ ರೇಖಾಳಿಗೆ ಬಂದಿದ್ದ ಕಲ್ಯಾಣದುರ್ಗದ ಗಂಡಿನ ಸಂಬಂಧ ನಿಶ್ಚಿತಾರ್ಥದವರೆಗೆ ಬಂದು ಮುರಿದುಬಿತ್ತು. ಊಟ ಬಿಟ್ಟು ಮಲಗಿದ್ದ ರೇಖಾಳ ತಲೆ ಬಾಚುತ್ತ ನಾಗಕ್ಕ ತನ್ನದೊಂದು ಸಂಗತಿ ಹೇಳಿದಳು. ಅದನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ಯಾರಿಗೂ ಹೇಳಬೇಡ ಅಂತಲೂ ಅನ್ನಲಿಲ್ಲ. ಹಾಗೆ ಬಾಯಿಬಿಟ್ಟು ಕೇಳಿಕೊಳ್ಳಬೇಕಾದಷ್ಟು ಹೊರಗಿನವಳೆಂದು ಅವಳು ರೇಖಾಳನ್ನು ಎಂದೂ ಎಣಿಸಿರಲಿಲ್ಲ.

ಎಷ್ಟೋ ವರ್ಷಗಳ ಹಿಂದಿನ ಮಾತು, ನಾಗಕ್ಕನ ಮಗ ಪವನ್ ಆಗ ಇನ್ನೂ ಎದೆಹಾಲು ಕುಡಿಯುವ ಕೂಸು. ಒಂದು ಬೆಳಗ್ಗೆ ಮುದ್ದೆ ತಿರುವುತ್ತಿದ್ದ ನಾಗಕ್ಕ ಕೋಲನ್ನು ಪಾತ್ರೆಯಲ್ಲೇ ಬಿಟ್ಟಳು. ಕೂಸನ್ನು ಅತ್ತೆಯ ಮಗ್ಗುಲಿಗೆ ಮಲಗಿಸಿ, ನೀಲಿ ವೈರಿನ ಬುಟ್ಟಿ ಹಿಡಿದು, ಮಡಕಶಿರಾ ಬಸ್ಸು ಹತ್ತಿದಳು. ಇಳಿದ ಮೇಲೆ ಹತ್ತಿರದಲ್ಲೇ ಇದ್ದ ತವರಿಗೆ ಹೋಗಬಹುದಿತ್ತು. "ಗುಡಿಬಂಡೆ, ಗುಡಿಬಂಡೆ" ಎಂದು ಆಟೋದವರು ಕೂಗುತ್ತಲೇ ಇದ್ದರು. ಅವಳು ಹತ್ತಲಿಲ್ಲ. ಯಾಕೆ ಬಂದೆ ಎಂದು ಅವ್ವ ಕೇಳಿದರೆ ಹೇಳಲು ಏನೂ ಇರಲಿಲ್ಲ. ಗಂಡ ಹೊಡೆದಿರಲಿಲ್ಲ, ಅತ್ತೆ ಬೈದಿರಲಿಲ್ಲ. ಸುಮ್ಮನೆ ಸಾಕಾಗಿತ್ತು. ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಕೂತಳು. ಬಸ್ಸುಗಳು ಬಂದವು, ಹೋದವು. ಮಧ್ಯಾಹ್ನವಾಗುತ್ತಲೂ ಎದೆಯಲ್ಲಿ ಹಾಲು ಕಟ್ಟಿ, ರವಿಕೆ ನೆನೆಯಿತು. ಸೆರಗು ಹೊದ್ದುಕೊಂಡು ವಾಪಸ್ಸು ಬಸ್ಸು ಹತ್ತಿ ಬಂದುಬಿಟ್ಟಳು. ಅವ್ವನಿಗೆ ಹುಷಾರಿಲ್ಲ ಅಂತ ಹೇಳಿಕಳಿಸಿದ್ದರು, ನೋಡಿ ಬಂದೆ ಎಂದಳು. ಎರ್ರಿಸ್ವಾಮಿ ನಂಬಿದ.

"ಅಂಗೆ ಸಾಕಾಗೋದು ಒಂದಿನ ಕಣಮ್ಮಿ. ಮಾರ್ನೇ ದಿನ ಮತ್ತೆ ಮುದ್ದೆ ತಿರುವ್ತೀವಿ. ಏಳು, ಉಣ್ಣು," ಎಂದಿದ್ದಳು ನಾಗಕ್ಕ. ರೇಖಾ ಎದ್ದು ಉಂಡಳು. ಉಂಡು ಕೈ ತೊಳೆದು ಬರೆಯಲು ಕೂತಳು.

ಸಂಪಾದಕರು ಈ ಸಲ ಫೋನೇ ಮಾಡಿದರು. ಮಾತು ಎಷ್ಟು ಜೀವಂತವಾಗಿದೆ ಎಂದು ಹೊಗಳಿದರು. ಆದರೆ ಆ ಹೆಂಗಸು ಹೋದದ್ದು ಯಾಕೆ, ಬಂದದ್ದು ಯಾಕೆ, ಓದುಗರಿಗೆ ಒಂದು ಕಾರಣ ಬೇಡವೇ ಎಂದರು. ಕಾರಣ ತಾನೇ? ರೇಖಾ ಅವತ್ತು ಸಂಜೆಯೇ ಒಬ್ಬ ಗಂಡಸನ್ನು ತಂದಳು. ಬಿಳಿ ಅಂಗಿಯವನು, ಮದುವೆಗೆ ಮುಂಚಿನ ಪರಿಚಯದವನು. ಬಸ್ ಸ್ಟ್ಯಾಂಡಿಗೆ ಬರುತ್ತೇನೆಂದು ಮಾತು ಕೊಟ್ಟು ಬಾರದೆ ಹೋದವನು. ಅವನು ಬರಲಿಲ್ಲವೆಂದು ಕಥೆಯ ಹೆಂಗಸು ಮನೆಗೆ ಮರಳಿದಳು. ಹಾಲು ಕಟ್ಟಿದ ಎದೆಗೆ ಆ ಕಥೆಯಲ್ಲಿ ಕೆಲಸವಿರಲಿಲ್ಲ, ಅದನ್ನು ತೆಗೆದುಹಾಕಿದಳು.

ಕಥೆಗೆ ಬಹುಮಾನ ಬಂತು. ನಾಗಕ್ಕ ಓಣಿಗೆಲ್ಲ ಮೈಸೂರು ಪಾಕು ಹಂಚಿ, ಫೋಟೋ ತೋರಿಸಿಕೊಂಡು ಬಂದಳು. ಆ ಸಿಹಿಯನ್ನು ರೇಖಾ ನುಂಗಲಾರದೆ ನುಂಗಿದಳು. ಹೆಸರನ್ನೇನೋ ಬದಲಾಯಿಸಿದ್ದಳು. ಆದರೆ ನೀಲಿ ಬುಟ್ಟಿ ಹಾಗೇ ಇತ್ತು, ಬಟ್ಟೆ ಕತ್ತರಿಸುವ ಗಂಡನೂ ಇದ್ದ, ಮಾತಿಗೊಂದು "ಕಣಮ್ಮಿ" ಇತ್ತು. ಆ ಓಣಿಯಲ್ಲಿ ಹಾಗೆ ಅನ್ನುವವಳು ಮಡಕಶಿರಾ ಸೀಮೆಯಿಂದ ಬಂದ ನಾಗಕ್ಕ ಒಬ್ಬಳೇ. ಇರಲಿ, ಓದುವವರು ಯಾರಿದ್ದಾರೆ ಎಂದು ರೇಖಾ ತನಗೆ ತಾನೇ ಧೈರ್ಯ ಹೇಳಿಕೊಂಡಳು. ಹೇಳಿಕೊಂಡಷ್ಟೂ ನಾಗಕ್ಕನ ಮನೆಗೆ ಹೋಗುವುದು ಕಡಿಮೆಯಾಯಿತು.

ಈಗ ಪುಸ್ತಕ ಬರುವುದರಲ್ಲಿತ್ತು. ಬಳ್ಳಾರಿಯ ಪ್ರಕಾಶಕ ಕೊಟ್ರಬಸಪ್ಪ ಆ ಕಥೆಯ ಹೆಸರನ್ನೇ ಪುಸ್ತಕಕ್ಕೂ ಇಟ್ಟಿದ್ದ. "ಪ್ರೂಫ್ ನೋಡಿ ಇವತ್ತು ಸಂಜಿಯೊಳಗ ಹೂಂ ಅನ್ನವಾ, ಪ್ರೆಸ್ಸಿಗೆ ಕೊಡಬೇಕು" ಎಂದು ಬೆಳಗ್ಗೆ ಫೋನು ಮಾಡಿದ್ದ. ಆ ಪ್ರೂಫಿನ ಕಟ್ಟು ರೇಖಾಳ ಬ್ಯಾಗಿನಲ್ಲೇ ಇತ್ತು.

"ಓದ್ತೀಯೋ, ಇಲ್ಲ ಹಂಗೇ ನೋಡ್ತಾ ಕೂತಿರ್ತೀಯೋ?" ಎಂದಳು ನಾಗಕ್ಕ. ಹೊಲಿದ ಜೀನ್ಸ್ ಪ್ಯಾಂಟುಗಳ ರಾಶಿಯನ್ನು ಹತ್ತಿರ ಎಳೆದುಕೊಂಡು, ಪುಟ್ಟ ಕತ್ತರಿಯಿಂದ ಹೆಚ್ಚಿನ ದಾರಗಳನ್ನು ಕತ್ತರಿಸುತ್ತಿದ್ದಳು.

ರೇಖಾ ಪತ್ರಿಕೆ ತೆರೆದಳು. ಮೊದಲ ಪುಟ ಅಚ್ಚಾದಂತೆಯೇ ಓದಿದಳು. ಮುದ್ದೆಯ ಕೋಲು, ಮಲಗಿದ ಕೂಸು, ಬಸ್ಸು. ನಾಗಕ್ಕ "ಹ್ಞೂಂ" ಅನ್ನುತ್ತಿದ್ದಳು. ಎರಡನೆಯ ಪುಟದ ನೆತ್ತಿಯಲ್ಲಿ ಬಿಳಿ ಅಂಗಿ ಕಂಡಿತು. ರೇಖಾಳ ನಾಲಗೆ ತಡವರಿಸಿತು. ಆಮೇಲೆ ಕಣ್ಣು ಸಾಲಿನ ಮೇಲೆಯೇ ಇತ್ತು, ಬಾಯಿ ಮಾತ್ರ ಬೇರೆ ಹೇಳತೊಡಗಿತು. ಅವಳಿಗಾಗಿ ಅಲ್ಲಿ ಯಾರೂ ಕಾದಿರಲಿಲ್ಲ, ಅವಳೂ ಯಾರಿಗಾಗಿಯೂ ಕಾಯುತ್ತಿರಲಿಲ್ಲ ಎಂದಿತು. ಆಟೋದವರ ಕೂಗು, ಸಿಮೆಂಟು ಬೆಂಚು, ನೆನೆದ ರವಿಕೆ ಎಲ್ಲ ಒಂದೊಂದಾಗಿ ಬಂದವು. ಅಚ್ಚಿನಲ್ಲಿದ್ದ ನುಣುಪು ಈ ಮಾತುಗಳಿಗಿರಲಿಲ್ಲ. ನಡುನಡುವೆ ಪದ ಹುಡುಕಬೇಕಾಗುತ್ತಿತ್ತು. ಆದರೂ ಅನುಮಾನ ಬರಬಾರದೆಂದು ಹೊತ್ತಿಗೆ ಸರಿಯಾಗಿ ಪುಟ ತಿರುವುವುದನ್ನು ಮರೆಯಲಿಲ್ಲ. ಕಳ್ಳತನವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಟೀ ತಂದ ಮಂಗಳಾ ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು. ಲೋಟ ಕೊಡುವುದನ್ನು ಮರೆತು ಪುಟವನ್ನೇ ನೋಡುತ್ತಿದ್ದಳು.

"ಮುಗೀತಾ?" ಎಂದಳು ನಾಗಕ್ಕ.

"ಮುಗೀತ್ರಿ."

ನಾಗಕ್ಕ ಕೈಯಲ್ಲಿದ್ದ ಪ್ಯಾಂಟನ್ನು ಮಡಚಿ ಪಕ್ಕಕ್ಕಿಟ್ಟಳು. "ಚೆನ್ನಾಗೈತೆ. ಮತ್ತೆ, ಅವನೆಲ್ಲೋದ?"

"ಯಾರ್ರಿ?"

"ಬಿಳಿ ಅಂಗಿಯೋನು."

ರೇಖಾ ಮಂಗಳಾಳ ಕಡೆ ನೋಡಿದಳು. ಮೊಳಕಾಲ್ಮೂರು ಕರ್ನಾಟಕದ ಊರು, ಅಲ್ಲಿ ಶಾಲೆ ಕನ್ನಡದ್ದು. ಸೊಸೆ ಬಂದ ದಿನದಿಂದಲೂ ಇದು ರೇಖಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಡೆಗೆ ಮನಸ್ಸನ್ನು ಹೋಗಗೊಟ್ಟಿರಲಿಲ್ಲ.

"ಅತ್ತಿ ಓದು ಅಂದ್ರು, ಓದಿದೆ ಅಕ್ಕಾರ," ಮಂಗಳಾಳ ಕಣ್ಣು ತುಂಬಿಬಂತು. "ಅರ್ಧಕ್ಕ ಬಂದ ಮ್ಯಾಲೆ ಇದು ಅತ್ತಿ ಕಥಿ ಅಂತ ತಿಳೀತು. ನಿಲ್ಲಿಸ್ತೀನಿ ಅಂದ್ರ ಅತ್ತಿ ಬಿಡಲಿಲ್ಲ."

"ಅವಳದ್ದೇನು ತಪ್ಪು, ಬರ್ದಿದ್ದನ್ನ ಓದಿದ್ಲು," ಎಂದಳು ನಾಗಕ್ಕ. "ನಿನ್ನ ಬಾಯಲ್ಲೂ ಒಂದ್ಸಲ ಕೇಳಾನ ಅಂತ ಕರ್ಸಿದೆ."

"ತಪ್ಪಾತ್ರಿ ಅಕ್ಕ." ರೇಖಾ ಪತ್ರಿಕೆಯನ್ನು ಮುಚ್ಚಿದಳು. "ನೀವು ಹೇಳಿದ್ದನ್ನ ಮೊದಲಿಗೆ ಹಂಗ ಬರ್ದಿದ್ದೆ. ಹೋಗಿದ್ದಕ್ಕ ಒಂದು ಕಾರಣ ಬೇಕು ಅಂದ್ರು ಪತ್ರಿಕೆಯೋರು. ಅದಕ್ಕ..."

"ನಂಗೂ ಬೇಕಾಗಿತ್ತು ಕಣಮ್ಮಿ ಕಾರಣ. ಆ ಬೆಂಚಿನ ಮ್ಯಾಲೆ ಕೂತು ಹುಡುಕ್ದೆ, ಇಷ್ಟು ವರ್ಷ ಹುಡುಕ್ದೆ. ಸಿಗ್ಲಿಲ್ಲ. ನಿಂಗೆ ಒಂದು ಗಳಿಗೇಲಿ ಸಿಕ್ತು ನೋಡು."

ಬೈದಿದ್ದರೆ ಚೆನ್ನಾಗಿತ್ತು. ಒಂದು ಏಟು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು. ನಾಗಕ್ಕ ಎರಡೂ ಮಾಡಲಿಲ್ಲ. ಪ್ಯಾಂಟಿನ ಮೇಲೆ ಉಳಿದ ದಾರವೊಂದನ್ನು ಬೆರಳಿಂದ ಕಿತ್ತು ಹಾಕಿದಳು. ದನಿ ತಗ್ಗಿಸಿ, "ಮಂಗ್ಳಾ ಓದುವಾಗ ನಮ್ಮನೆಯೋರೂ ಇಲ್ಲೇ ಕೂತಿದ್ರು," ಎಂದಳು. "ಯಾರ ಕತೆ ಅಂತ ಕೇಳ್ಲಿಲ್ಲ. ಆ ಬುಟ್ಟಿ ತಂದ್ಕೊಟ್ಟೋರೇ ಅವರು, ಕೇಳೋದೇನೈತೆ. ಅವತ್ತಿಂದ ಮಾತಿಲ್ಲ. ತಟ್ಟೆ ಇಟ್ರೆ ಉಣ್ತಾರೆ, ಎದ್ದೋಗ್ತಾರೆ. ಅಂಗೇನಿಲ್ಲ ಅಂತ ಯೋಳಕೆ ಬಾಯಿ ತೆಗೀತೀನಿ. ಮತ್ಯಾಕೆ ಹೋಗಿದ್ದೆ ಅಂತ ಅವರು ಕೇಳಿದ್ರೆ ಏನ್ ಯೋಳ್ಲಿ? ಅವ್ವಂಗೆ ಹುಷಾರಿಲ್ಲ ಅಂತ ಅವತ್ತು ಯೋಳಿದ್ದೂ ಸುಳ್ಳೇ ತಾನೆ."

"ನಾನು ಮಾವಾರ ಹತ್ರ ಮಾತಾಡ್ತೀನ್ರಿ. ಅವನು ನನ್ನ ಕಲ್ಪನೆ ಅಂತ ಹೇಳ್ತೀನಿ. ಪುಸ್ತಕದಾಗಿಂದ ಈ ಕಥಿ ತೆಗೆಸಿಬಿಡ್ತೀನಿ, ಈಗಲೇ ಫೋನ್ ಮಾಡ್ತೀನಿ."

"ಪುಸ್ತಕದಿಂದ ತೆಗೀತೀಯ. ಅಲ್ಲಿಂದ ಹೆಂಗೆ ತೆಗೀತೀಯ?" ಎಂದು ನಾಗಕ್ಕ ಒಳಕೋಣೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ರೇಖಾ ಆ ಕಡೆ ನೋಡಿದಳು. ಬಾಗಿಲ ಪರದೆಯ ಕೆಳಗೆ ಎರ್ರಿಸ್ವಾಮಿಯ ಪಾದಗಳಷ್ಟೇ ಕಾಣುತ್ತಿದ್ದವು. ಈ ಮನೆಯಲ್ಲಿ ಉಂಡು ಬೆಳೆದವಳು ತಾನು, ಈ ಮನೆಯೊಳಗೆ ಇಲ್ಲದ ಗಂಡಸೊಬ್ಬನನ್ನು ತಂದು ಕೂರಿಸಿ ಹೋದವಳೂ ತಾನೇ ಎಂದು ಅವಳಿಗೆ ಅನ್ನಿಸಿತು.

ಬ್ಯಾಗಿನೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಕೊಟ್ರಬಸಪ್ಪನೇ ಇರಬೇಕು. ಅದು ಹೊಡೆದುಕೊಂಡು ಹೊಡೆದುಕೊಂಡು ತಾನಾಗಿಯೇ ಸುಮ್ಮನಾಯಿತು. ಮಂಗಳಾ ಆರಿಹೋದ ಟೀಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ನಾಗಕ್ಕ ರಾಶಿಯಿಂದ ಇನ್ನೊಂದು ಪ್ಯಾಂಟು ತೆಗೆದುಕೊಂಡಳು, ಕತ್ತರಿಯನ್ನು ಮಾತ್ರ ಮುಟ್ಟಲಿಲ್ಲ.

"ಇನ್ನೊಂದ್ಸಲ ಓದು," ಎಂದಳು.

"ಯಾವುದ್ರಿ?"

"ಈಗ ಓದಿದ್ಯಲ್ಲ, ಅದು. ಹಾಲು ಕಟ್ಟಿದ್ದು, ರವಿಕೆ ನೆಂದಿದ್ದು ಎಲ್ಲಾ ಬರ್ಲಿ. ಒಸಿ ಗಟ್ಟಿಯಾಗಿ ಓದು. ನನ್ನ ಬಾಯಲ್ಲಿ ಬರ್ತಾ ಇಲ್ಲ."

ರೇಖಾ ಪತ್ರಿಕೆಯನ್ನು ಮತ್ತೆ ತೆರೆದಳು. ಎರಡನೆಯ ಪುಟದ ನೆತ್ತಿಯಲ್ಲಿ ಬಿಳಿ ಅಂಗಿಯವನು ಹಾಗೇ ಇದ್ದ. ಅದನ್ನು ನೋಡಲಾರದೆ ಪತ್ರಿಕೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಪರದೆಯ ಕಡೆ ತಿರುಗಿ ಕೂತಳು.

"ಮಡಕಶಿರಾ ಬಸ್ ಸ್ಟ್ಯಾಂಡಿನಲ್ಲಿ ಅವಳಿಗಾಗಿ ಯಾರೂ ಕಾದಿರಲಿಲ್ಲ," ಎಂದು ಶುರು ಮಾಡಿದಳು. ಆಮೇಲೆ ಪರದೆಯಾಚೆಗೂ ಕೇಳಲೆಂದು ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದಳು.

ಒಳಗೆ ಟಿ.ವಿ.ಯ ಸದ್ದು ಸಣ್ಣದಾಯಿತು.