ಮೀನಿನ ಮೇಲಿನ ಅಪವಾದ

“ಇದನ್ನ ಇವತ್ತ ಒಯ್ದುಬಿಡು ತಮ್ಮಾ. ಉಂಡ ಮನಿಗೆ ಎರಡು ಬಗಿಯೂ ಮೀನು ಇದು. ನನ್ನ ಕಣ್ಣ ಮುಂದ ಇರಬಾರ್ದು.”

ಕಳಕಮ್ಮ ಪಡಸಾಲೆಯ ಗಾಜಿನ ತೊಟ್ಟಿಗೆ ಬೆನ್ನು ತಿರುಗಿಸಿ ನಿಂತೇ ಮಾತಾಡಿದಳು. ಹೊಸಪೇಟೆಯಿಂದ ಬಂದಿದ್ದ ಮೀನಿನಂಗಡಿಯ ಗೌರೀಶ ಬಕೆಟ್ಟು, ಬಲೆ ಕೆಳಗಿಟ್ಟು ಮನೆಯ ಯಜಮಾನ ಪಂಪಾಪತಿಯ ಮುಖ ನೋಡಿದ. ಗಂಗಾವತಿಯ ಬಜಾರಿನಲ್ಲಿ ಅಕ್ಕಿ ಅಂಗಡಿ ಇಟ್ಟಿದ್ದ ಪಂಪಾಪತಿಗೆ ಗಿರಾಕಿಗಳ ಎದುರು ಮಾತಿಗೆ ಬರವಿರಲಿಲ್ಲ. ಹೆಂಡತಿಯ ಎದುರು ಮಾತ್ರ, ಮಗಳು ಹೋದ ಮೇಲೆ, ನಾಲಿಗೆ ಏಳುತ್ತಿರಲಿಲ್ಲ.

ತೊಟ್ಟಿ ಮಗಳು ಅನುಷಾಳದು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಹುಡುಗಿ, ಭತ್ತದ ಊರಿನ ಪಡಸಾಲೆಯಲ್ಲಿ ಒಂದು ಚೂರು ಸಮುದ್ರ ಇಟ್ಟುಕೊಂಡಿದ್ದಳು. ಉಪ್ಪುನೀರು, ಕಲ್ಲು, ಕಲ್ಲಿನ ಮೇಲೆ ಹೂವಿನ ಹಾಗೆ ಅರಳುವ ಹವಳ, ಪಾಚಿ ತಿನ್ನಲು ಬಸವನಹುಳು, ಕೆಂಪು ಪಟ್ಟೆಯ ಸಿಗಡಿ. ಇವೆಲ್ಲದರ ನಡುವೆ ಒಂದು ಟ್ರಿಗರ್ ಮೀನು ಇರಲೇಬೇಕೆಂಬುದು ಅವಳ ಹಟ. ಟ್ರಿಗರ್ ಎಂದರೆ ಜಗಳಗಂಟ ಜಾತಿ. ಸಿಗಡಿ, ಬಸವನಹುಳುಗಳನ್ನು ಹುರಿಗಡಲೆಯ ಹಾಗೆ ಕಟುಮ್ಮನೆ ಕಡಿಯುವ ಹಲ್ಲು. ಆ ಜಾತಿಯಲ್ಲೂ ಒಂದು ಸಾಧು ಇದೆ, ನೀಲಿ ಗಂಟಲಿನದು, ಹವಳದ ತಂಟೆಗೆ ಹೋಗುವುದಿಲ್ಲ ಎಂದು ವರ್ಷಗಟ್ಟಲೆ ಓದಿ, ಹತ್ತು ಜನರನ್ನು ಕೇಳಿ ಆರಿಸಿದ್ದಳು. ಸಣ್ಣ ಜೀವಗಳನ್ನು ಮೊದಲು ಬಿಟ್ಟು, ಅವು ಜಾಗ ಹಿಡಿದ ಮೇಲೆ ಕಟ್ಟಕಡೆಗೆ ಇದನ್ನು ಬಿಟ್ಟಳು.

“ಸಣ್ಣವು ಮೊದಲ ಮನಿ ಹಿಡೀಬೇಕಪ್ಪಾ. ಜಗಳಗಂಟ ಕಡೀಗೆ ಬಂದ್ರ, ಇದು ತನ್ನ ಮನಿ ಅಲ್ಲಂತ ಸುಮ್ಮನ ಇರತೈತಿ,” ಎಂದಿದ್ದಳು.

“ನಿನ್ನ ಮದುವಿಗೆ ಕೂಡಾವಳಿ ನೋಡೂ ಹೊತ್ತಿನ್ಯಾಗ ನೀ ಮೀನಿನ ಕೂಡಾವಳಿ ನೋಡಾಕತ್ತೀಯಲ್ಲ,” ಎಂದು ಪಂಪಾಪತಿ ನಕ್ಕಿದ್ದ.

“ನನಗೂ ಹಿಂಗ ನೋಡಿ ಹುಡುಕು ಮತ್ತ,” ಎಂದು ಅವಳೂ ನಕ್ಕಿದ್ದಳು. ಶ್ರಾವಣದಲ್ಲಿ ಬಂದ ಡೆಂಗಿ ಜ್ವರ ಯಾವ ಕೂಡಾವಳಿಯನ್ನೂ ಕೇಳಲಿಲ್ಲ.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಗಂಡ ಹೆಂಡತಿ ತೊಟ್ಟಿಯ ಕೆಲಸ ಹಂಚಿಕೊಂಡರು. ಮೀನಿಗೆ ತಿನಿಸು ಹಾಕುವವನು ಪಂಪಾಪತಿ, ಆರಿಹೋದ ನೀರು ತುಂಬುವವಳು ಕಳಕಮ್ಮ. ಅನುಷಾ ಗಾಜಿನ ಬಲಮೂಲೆಯಲ್ಲಿ ಬೆರಳಿನಿಂದ ಎರಡು ಸಲ ತಟ್ಟಿ ಕರೆಯುತ್ತಿದ್ದಳು. ಪಂಪಾಪತಿ ಹಾಗೇ ತಟ್ಟಿದರೆ ಮೀನು ಎಲ್ಲಿದ್ದರೂ ಬಂದು ಅವನ ಬೆರಳಿನಿಂದ ತಿನಿಸು ಕಿತ್ತುಕೊಳ್ಳುತ್ತಿತ್ತು. ಆ ಹೊತ್ತು ಮಗಳು ಒಳಗೆಲ್ಲೋ ಇದ್ದಾಳೆ ಅನ್ನಿಸುತ್ತಿತ್ತು ಅವನಿಗೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮೊದಲು ಸಿಗಡಿ ಕಾಣದಾದವು. ಆಮೇಲೆ ಬಸವನಹುಳು. ಹವಳದ ಹೂಗಳು ಮುದುಡಿ, ಬಣ್ಣ ಬಿಟ್ಟು, ಸುಣ್ಣದ ಹೆಂಟೆಯ ಹಾಗೆ ಬೆಳ್ಳಗಾದವು. ಆ ತೊಟ್ಟಿಯಲ್ಲಿ ಹಲ್ಲಿರುವುದು ಒಂದೇ ಜೀವ. ಕಳ್ಳತನವಾದರೆ ಮತ್ತೆ ಯಾರ ಮೇಲೆ ಕಣ್ಣು ಹೋದೀತು?

“ಆಕಿ ಪಾಪ, ಮೀನ ಆರಿಸೂದ್ರಾಗ ತಪ್ಪಿದಳು,” ಎಂದಳು ಕಳಕಮ್ಮ ಗೌರೀಶನಿಗೆ. “ಪುಸ್ತಕದಾಗ ಇದ್ದದ್ದ ಒಂದು, ಇದರ ಹೊಟ್ಟ್ಯಾಗ ಇದ್ದದ್ದ ಒಂದು. ಕುಂದ್ರು, ಚಹಾ ತರ್ತೀನಿ.”

ಅವಳು ಒಳಗೆ ಹೋದಳು. ಗೌರೀಶ ತೋಳೇರಿಸಿ ತೊಟ್ಟಿಯೊಳಗೆ ಕೈ ಇಳಿಸಿ, ತಳದಿಂದ ಎರಡು ಬಸವನಹುಳುವಿನ ಚಿಪ್ಪು ತೆಗೆದು ಪಂಪಾಪತಿಯ ಅಂಗೈ ಮೇಲೆ ಇಟ್ಟ.

“ಇಲ್ಲೆ ನೋಡ್ರಿ ಸಾವ್ಕಾರ್ರ. ಟ್ರಿಗರ್ ತಿಂದಿದ್ರ ಚಿಪ್ಪು ನುಚ್ಚಾಗತಿತ್ತು. ಇವು ಇಡೀ ಅದಾವ. ತಾವಾಗೇ ಸತ್ತಾವ್ರಿ. ನೀರಿನ್ಯಾಗ ಏನೋ ಸೇರೇತಿ. ಯಾವ ನೀರು ಹಾಕ್ತೀರಿ?”

ಉತ್ತರ ಅಡುಗೆಮನೆಯ ಬಾಗಿಲಿನಿಂದ ಬಂತು. ಕಳಕಮ್ಮ ಚಹಾದ ತಟ್ಟೆ ಹಿಡಿದು ನಿಂತಿದ್ದಳು. “ಮತ್ಯಾವ ನೀರು ತಮ್ಮಾ? ಆಕಿ ಹೇಳಿಕೊಟ್ಟಂಗ, ಫಿಲ್ಟರ್ ನೀರನ್ನ. ಆದ್ರ ಪ್ಲಾಸ್ಟಿಕ್ ಕ್ಯಾನಿನಿಂದ ಹಂಗ ಸುರುವಾಕ ನನಗ ಮನಸ್ಸು ಬರ್ಲಿಲ್ಲ. ತಾಮ್ರದ ಕೊಡದಾಗ ರಾತ್ರಿಯಿಡೀ ಇಟ್ಟು, ಮುಂಜಾನೆ ಜಳಕಾ ಮಾಡಿ ಹಾಕ್ತೀನಿ. ದೇವ್ರಿಗೆ ಹೆಂಗೋ ಹಂಗ. ಒಂದಿನ ತಪ್ಪಿಸಿಲ್ಲ.”

ಮೂಲೆಯಲ್ಲಿ ಕೊಡ ಹುಣಸೆಹಣ್ಣು ಹಚ್ಚಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತಿತ್ತು. ಮೈಮೇಲೆ ಮೂರು ಎಳೆ ವಿಭೂತಿ. ಕಳಕಮ್ಮನ ತವರಿನವರು ಮದುವೆಯಲ್ಲಿ ಕೊಟ್ಟ ಕೊಡ ಅದು.

ಗೌರೀಶ ಚಹಾದ ಕಪ್ಪಿಗೆ ಚಾಚಿದ ಕೈ ಅಲ್ಲೇ ನಿಂತಿತು. ಪಂಪಾಪತಿಯ ಕಿವಿಯಲ್ಲಿ ಮಗಳ ಕೂಗು ಕೇಳಿಸಿತು. ಒಮ್ಮೆ ಅವನು ಉಂಗುರ ತೊಟ್ಟ ಬೆರಳನ್ನು ನೀರಿಗಿಟ್ಟಾಗ ಅವಳು ಓಡಿಬಂದು ಕೈ ಎಳೆದಿದ್ದಳು: “ಅಪ್ಪಾ, ತಾಮ್ರ ಅದು! ಮೀನರ ತಡಕೊಂತಾವ, ಹವಳ, ಸಿಗಡಿ ಒಂದೂ ಉಳಿಯಂಗಿಲ್ಲ.” ಅಂದಿನಿಂದ ಅವನು ಉಂಗುರ ತೆಗೆದಿಟ್ಟೇ ತಿನಿಸು ಹಾಕುತ್ತಿದ್ದ. ಉಂಗುರ ನೆನಪಿಟ್ಟವನಿಗೆ ಅಷ್ಟು ದೊಡ್ಡ ಕೊಡ ಕಾಣಿಸಿರಲಿಲ್ಲ. ದಿನಾ ಮುಂಜಾನೆ ಅವಳು ಅದನ್ನೆತ್ತಿ ಸುರಿಯುವಾಗ ಅವನು ಅಲ್ಲೇ ಕುಳಿತು ಪೇಪರ್ ಓದುತ್ತಿದ್ದ.

“ಅಮ್ಮಾರ, ಆ ತಾಮ್ರ...” ಎಂದು ಗೌರೀಶ ಬಾಯಿ ತೆರೆದ.

“ತಮ್ಮಾ, ಈ ಮೀನು ಕಲ್ಲಿನ ಹೂವನ್ನೂ ತಿಂತೈತೇನು?” ಕಳಕಮ್ಮ ನಡುವೆಯೇ ಕೇಳಿದಳು.

ಪಂಪಾಪತಿ ಹೆಂಡತಿಯನ್ನು ನೋಡಿದ. ಒಂದು ಮಾತು ಆಡಿದರೆ ಮೀನು ಉಳಿಯುತ್ತಿತ್ತು. ಅನುಷಾ ಆರಿಸಿದ್ದು ತಪ್ಪಾಗಿರಲಿಲ್ಲ ಎಂಬುದೂ ಉಳಿಯುತ್ತಿತ್ತು. ಆದರೆ ಮಗಳು ಹೋದ ಮೇಲೆ ಹಾಸಿಗೆ ಬಿಟ್ಟು ಏಳದಿದ್ದ ಈ ಹೆಂಗಸನ್ನು ದಿನಾ ಎಬ್ಬಿಸುತ್ತಿದ್ದುದು ಆ ಕೊಡ ಒಂದೇ. ಮಗಳ ಹವಳದ ತೋಟವನ್ನು ತಾನೇ ಕೈಯಾರೆ ಕೊಂದೆ ಎಂದು ಗೊತ್ತಾದರೆ ಅವಳು ನಾಳೆ ಏಳುತ್ತಾಳೆಯೇ?

“ತಿಂತೈತಿ,” ಎಂದ ಪಂಪಾಪತಿ. “ಗೌರೀಶ ಈಗ ಅದನ್ನ ಹೇಳಾಕತ್ತಿದ್ದ. ಒಯ್ಯಲಿ ಬಿಡು.”

ಗೌರೀಶ ತಲೆ ತಗ್ಗಿಸಿ ಚಹಾ ಕುಡಿದ.

“ನಾ ಸುಮ್ಮ ಬೈದಿದ್ದಿಲ್ಲ ನೋಡ್ರಿ ಮತ್ತ,” ಎಂದಳು ಕಳಕಮ್ಮ. ಎಷ್ಟೋ ತಿಂಗಳ ನಂತರ ಅವಳ ಮುಖ ಸ್ವಲ್ಪ ಸಡಿಲಾಗಿತ್ತು.

ಬಲೆ ಕಂಡದ್ದೇ ಮೀನು ಕಲ್ಲಿನ ಸಂದಿಯೊಳಗೆ ಹೊಕ್ಕು, ಬೆನ್ನಿನ ಮುಳ್ಳು ಸೆಟೆಸಿ ಗಟ್ಟಿಯಾಗಿ ಕೂತುಬಿಟ್ಟಿತು. ಗೌರೀಶ ಏನು ಮಾಡಿದರೂ ಬರಲಿಲ್ಲ. “ಎಳದ್ರ ಸಾಯತೈತ್ರಿ,” ಎಂದ.

ಪಂಪಾಪತಿ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡ. ಗಾಜಿನ ಬಲಮೂಲೆಯಲ್ಲಿ ಎರಡು ಸಲ ತಟ್ಟಿ, ಬೆರಳ ತುದಿಯಲ್ಲಿ ತಿನಿಸು ಹಿಡಿದು ಕೈಯನ್ನು ನೀರಿಗಿಳಿಸಿದ. ಸ್ವಲ್ಪ ಹೊತ್ತಿಗೆ ಮೀನು ಮುಳ್ಳು ಇಳಿಸಿ ಹೊರಗೆ ಬಂತು. ಅವನ ಬೆರಳನ್ನು ಎಂದಿನಂತೆ ಮೆಲ್ಲಗೆ ಜಗ್ಗಿತು. ಗೌರೀಶ ಹಿಂದಿನಿಂದ ಬಲೆ ಎತ್ತಿದ.

ಗೇಟಿನ ಹತ್ತಿರ ಬಕೆಟ್ಟನ್ನು ಬೈಕಿಗೆ ಕಟ್ಟುತ್ತ ಗೌರೀಶ ಹೇಳಿದ, “ಇದರದೇನೂ ತಪ್ಪಿಲ್ರಿ ಸಾವ್ಕಾರ್ರ.”

“ಗೊತ್ತೈತಪ್ಪಾ.” ಪಂಪಾಪತಿ ಹಗ್ಗದ ತುದಿ ಹಿಡಿದುಕೊಟ್ಟ. “ದೊಡ್ಡ ತೊಟ್ಟ್ಯಾಗ ಬಿಡು. ಇದಕ್ಕ ಹೊಂದೂವಂಥವು ನೋಡಿ ಜೋಡಿ ಮಾಡು. ಆಕಿ ನೋಡಿದಂಗ ನೋಡಿ ಮಾಡು.”

ಮರುದಿನ ಮುಂಜಾನೆ ಕಳಕಮ್ಮ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಕೊಡ ಹಿಡಿದು ಬಂದಳು. ಪಂಪಾಪತಿ ಪೇಪರ್ ಕೆಳಗಿಟ್ಟ.

“ಈಗೇನ ಅಂಜಿಕಿಲ್ಲ. ಸಣ್ಣಸಣ್ಣ ಮೀನು ಯಾವಾಗ ತರ್ತೀರಿ?”

“ತರೂಣು. ನೀರು ಪೂರಾ ತಿಳಿ ಆಗಲಿ.”

ಅವಳು ಕೊಡ ಎತ್ತಿದಳು. ಪಂಪಾಪತಿ ಎದ್ದು ಬಂದು ಕೊಡದ ಬುಡಕ್ಕೆ ತನ್ನ ಕೈಯನ್ನೂ ಕೊಟ್ಟ. ಬೆರಳಿನ ಉಂಗುರ ಕೊಡಕ್ಕೆ ತಾಗಿ ಠಣ್ಣೆಂದಿತು. ಇಬ್ಬರೂ ಕೂಡಿ, ಒಂದು ಹನಿಯೂ ಹೊರಗೆ ಚೆಲ್ಲದ ಹಾಗೆ, ಖಾಲಿ ತೊಟ್ಟಿಗೆ ನೀರು ಸುರಿದರು.