ತಂತಿಗೆ ನೇತುಹಾಕಿದ ಅಕ್ಷರಗಳು

ನನ್ನ ಸೋದರಮಾವ ಅಂಗಡಿಯ ಬೋರ್ಡುಗಳನ್ನು ಓದುತ್ತಿರಲಿಲ್ಲ, ನೋಡುತ್ತಿದ್ದರು. ತಲೆಯೆತ್ತಿಕೊಂಡೇ ನಡೆಯುತ್ತ, ಹೆಬ್ಬೆರಳಿನಿಂದ ಗಾಳಿಯಲ್ಲಿ ಯಾವುದೋ ಅಕ್ಷರದ ಬೆನ್ನು ಸವರುತ್ತ, ಎದುರು ಬಂದವರಿಗೆಲ್ಲ ಡಿಕ್ಕಿ ಹೊಡೆಯುತ್ತ ಸಾಗುವ ಅವರನ್ನು, ಅತ್ತೆ ಆ ಕಂದು ಕೋಟಿನ ಜೇಬು ಹಿಡಿದು ಎಳೆದುಕೊಂಡು ಹೋಗುತ್ತಿದ್ದ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಔಷಧಿ ಅಂಗಡಿಯವನನ್ನು ಮಾಮ ಒಮ್ಮೆ ಬಹು ಗಂಭೀರವಾಗಿ ಕೇಳಿದ್ದರು: "ಅಲ್ರೀ, ನಿಮ್ಮ ಬೋರ್ಡಲ್ಲಿರೋ 'ಷ'ಗೆ ಸೊಂಟ ಹಿಡ್ಕೊಂಡಿದೆ. ಅದಕ್ಕೊಂದು ಮಾತ್ರೆ ಇಲ್ವಾ ನಿಮ್ಮತ್ರ?"

ಮುದ್ರಣಾಲಯದಲ್ಲಿ ಆಹ್ವಾನಪತ್ರಿಕೆ ವಿನ್ಯಾಸ ಮಾಡುವುದು ಅವರ ಉದ್ಯೋಗ. ಫಾಂಟು ಸೃಷ್ಟಿಸುವುದು ಹುಚ್ಚು. ನೆರೆಮನೆಯಾಕೆಗೆ ಮೈಮುರಿಯುವ ಬೆಕ್ಕುಗಳ ವರ್ಣಮಾಲೆ, ಹಲ್ಲಿನ ಡಾಕ್ಟರಿಗೆ ಅಲ್ಲೊಂದು ಇಲ್ಲೊಂದು ಹಲ್ಲುದುರಿದ ಅಕ್ಷರಗಳು. ಡಾಕ್ಟರು ಉರಿದುಬಿದ್ದರು: "ಇದನ್ನ ನೋಡಿದ್ರೆ ಬರೋರೂ ಬಾಗಿಲಿಂದಲೇ ಓಡಿಹೋಗ್ತಾರೆ!" ಉಪಯೋಗಕ್ಕೆ ಬರುವಂಥವೂ ಇದ್ದವೆನ್ನಿ, ಬಸ್ಸಿನ ಹಣೆಯ ಮೇಲೆ ದೂರದಿಂದಲೇ ತಿಳಿಯುವ ಅಂಕಿಗಳು, ಪುಟ್ಟ ಸೀಸೆಯ ಚೀಟಿಗೆ ಹಿಡಿಸುವ ಸಣ್ಣಕ್ಷರ. ಏನೇ ಮಾಡಿದರೂ ನಡುಮನೆಯ ಬಟ್ಟೆ ತಂತಿಗೆ ಹಾಳೆಗಳನ್ನು ಕ್ಲಿಪ್ಪು ಹಾಕಿ ನೇತುಹಾಕಿ, ಕನ್ನಡಕ ತೆಗೆದು, ಅಡುಗೆಮನೆಯ ಬಾಗಿಲಿನಿಂದ ಓದಿ ನೋಡಬೇಕು. ಅದೇ ಅವರ ಪರೀಕ್ಷೆ. "ನನ್ನ ಬಟ್ಟೆ ಎಲ್ಲಿ ಒಣಗಿಸ್ಲಿ, ನಿಮ್ಮ ತಲೆ ಮೇಲಾ?" ಎಂದು ಅತ್ತೆ ಒದ್ದೆ ಟವೆಲ್ ಹಿಡಿದು ರೇಗುತ್ತಿದ್ದರು. ಆ ಬೈಗುಳಕ್ಕೆ ಉತ್ತರವಾಗಿಯೇ ಹುಟ್ಟಿದ್ದು ಬಟ್ಟೆ ಫಾಂಟು: ಅಂಗಿ, ಕಾಲುಚೀಲ, ಅತ್ತೆಯ ಹರಕು ಟವೆಲ್, ಹೀಗೆ ಒಂದೊಂದಕ್ಷರವೂ ಒಂದೊಂದು ಬಟ್ಟೆ, ತಲೆಕಟ್ಟಿನ ಜಾಗದಲ್ಲಿ ಕ್ಲಿಪ್ಪು. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಆಮೇಲೆ ಅತ್ತೆಯ ದೃಷ್ಟಿ ನಡುವಿನಿಂದಲೇ ಮಂಜಾಗತೊಡಗಿತು, ಅಂಚಿನಲ್ಲಷ್ಟೇ ಒಂದಿಷ್ಟು ಕಾಣುತ್ತಿತ್ತು. ಇನ್ನು ಸುಧಾರಿಸುವುದಿಲ್ಲವೆಂದರು ಕಣ್ಣಿನ ಡಾಕ್ಟರು. ಕಾದಂಬರಿಯಿಲ್ಲದೆ ಒಂದು ಮಧ್ಯಾಹ್ನವನ್ನೂ ಕಳೆಯದಿದ್ದ ಹೆಂಗಸು ಅವರು. ಮಾಮ ಓದಿಹೇಳಲು ಕೂತರೆ ಪುಸ್ತಕ ಕಸಿದುಕೊಂಡರು. "ನೀವು ಓದಿದ್ರೆ ಎಲ್ಲರೂ ನಿಮ್ಮ ದನೀಲೇ ಮಾತಾಡ್ತಾರೆ ಕಣ್ರಿ. ನಂಗೆ ಬೇಡ."

ಅತ್ತೆ ತಾವೇ ಓದಬಲ್ಲ ಅಕ್ಷರ ಮಾಡಿಯೇ ತೀರುತ್ತೇನೆಂದು ಮಾಮ ಹಟ ಹಿಡಿದರು. ಕಾಣದ ಕಣ್ಣಿಗೆ ದಪ್ಪಕ್ಷರ ಬೇಕೆಂದು ದಪ್ಪ ಮಾಡಿದರು, ಇನ್ನೂ ದಪ್ಪ ಮಾಡಿದರು. ಕೊನೆಗೆ ಅಕ್ಷರಗಳ ಹೊಟ್ಟೆಯೊಳಗಿನ ಬಿಳುಪೆಲ್ಲ ಮುಚ್ಚಿಹೋಗಿ ತಂತಿಯ ತುಂಬ ಇದ್ದಿಲ ತುಂಡುಗಳು ತೂಗಾಡಿದವು. "ಎಲ್ಲಾ ಒಂದೇ ಥರ ಕಾಣತ್ತೆ. ಬಿಟ್ಬಿಡಿ ಇನ್ನ," ಎಂದು ಅತ್ತೆ ಮೆಲ್ಲಗೆ ಹೇಳಿದಾಗ ಮಾಮ ಕೋಟನ್ನೂ ಬಿಚ್ಚದೆ ಕುರ್ಚಿಯಲ್ಲಿ ಕುಸಿದರು.

ಅಷ್ಟರಲ್ಲಿ ಅತ್ತೆ, ತಂತಿಯ ತುದಿಯಲ್ಲಿ ಉಳಿದುಹೋಗಿದ್ದ ಹಳೆಯ ಹಾಳೆಯತ್ತ ಮುಖ ಓರೆಮಾಡಿ, "ಅದು ನನ್ನ ಟವೆಲ್ ಅಲ್ವೇನ್ರೀ?" ಎಂದರು. ಮಾಮ ದಡಬಡನೆ ಎದ್ದು, ಬಟ್ಟೆ ಫಾಂಟಿನಲ್ಲೇ ಹೊಸದೊಂದು ಸಾಲು ಅಚ್ಚುಮಾಡಿ ತಂದು ಹಿಡಿದರು. ಅತ್ತೆ ತಡವರಿಸುತ್ತ ಓದಿದರು: "ನಿನ್ನ... ಟವೆಲ್... ಹರಿದಿದೆ." ಓದಿ ಮುಗಿದದ್ದೇ ರೇಗಿದರು: "ಹರಿದಿದ್ರೆ ಹೊಸದು ತಂದ್ಕೊಡಿ, ಬರೆದು ತೋರಿಸ್ತೀರಲ್ಲ!" ಬಟ್ಟೆಗೆ ಬಟ್ಟೆ ತಾಗದಿರಲೆಂದು ಅಕ್ಷರಗಳ ನಡುವೆ ತಮಾಷೆಗೆ ಬಿಟ್ಟಿದ್ದ ತೆರಪೇ ಅವರ ಕಣ್ಣಿಗೆ ಆಸರೆಯಾಗಿತ್ತು.

ಅಂಗಿಯ ತೋಳು, ಕ್ಲಿಪ್ಪು, ಹರಕುಗಳನ್ನೆಲ್ಲ ಅಳಿಸಿ, ತೆರಪನ್ನಷ್ಟೇ ಜೋಪಾನವಾಗಿ ಉಳಿಸಿಕೊಂಡು, ಮಾಮ ಇಡೀ ಒಂದು ಕಥೆಯನ್ನು ಮುದ್ರಿಸಿ ಅತ್ತೆಯ ಕೈಗಿಟ್ಟರು. ಎದುರಿಗೇ ಕೂತು ಕೋಟಿನ ಗುಂಡಿ ತಿರುವುತ್ತಿದ್ದರು. ಹೇಗಿದೆ ಎಂದು ಕೇಳುವ ಧೈರ್ಯವಿರಲಿಲ್ಲ. ಪುಟಗಳು ನಿಧಾನವಾಗಿ ಮಗುಚಿದವು. ಕೊನೆಗೆ ಅತ್ತೆ ಕಣ್ಣೊರೆಸಿಕೊಂಡು, "ಥೂ, ಆ ಹುಡುಗಿ ಅವನನ್ನ ಕ್ಷಮಿಸ್ಬಾರ್ದಿತ್ತು," ಎಂದರು.

ಅಕ್ಷರದ ಮಾತೇ ಇಲ್ಲ! ಮಾಮ ಎದ್ದು, ತಂತಿಯ ಹಾಳೆಗಳನ್ನೆಲ್ಲ ತೆಗೆದು, ಒದ್ದೆ ಟವೆಲನ್ನು ತಾವೇ ಒಣಹಾಕಿದರು.

ಇಬ್ಬರೂ ಈಗಿಲ್ಲ. ಅಕ್ಷರ ಕಡೆಯುವವರ ಕುಲವೇ ಹಾಗೇನೋ: ಲೋಕವೆಲ್ಲ ತಮ್ಮ ಕೈಚಳಕವನ್ನು ತಿರುಗಿ ನೋಡಲೆಂದು ಆಯುಷ್ಯವಿಡೀ ಆಟವಾಡುತ್ತಾರೆ, ಬೇಕಾದ ಒಬ್ಬರು, ಒಂದು ಮಧ್ಯಾಹ್ನ, ಅದನ್ನು ನೋಡುವುದನ್ನೇ ಮರೆತು ಕಥೆಗಾಗಿ ಅತ್ತರೆ ಸಾಕು, ಧನ್ಯರಾಗಿಬಿಡುತ್ತಾರೆ.